ಮಾಸ್ಟರ್ ಬೆಡ್‌ರೂಂಗೆ ಮಂಚ, ವಾರ್ಡ್‌ರೋಬ್ ಆರಿಸುವುದು ಹೇಗೆ?

ಬೆಡ್‌ರೂಂಗೆ ಸಾಮಾನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮಂಚದ ಡಿಸೈನ್‌ನಿಂದ ಶುರು ಮಾಡುತ್ತಾರೆ. ಶೋರೂಂನಲ್ಲಿ ಎಲ್ಲ ಮಂಚವೂ ಚೆಂದವೇ, ಯಾಕೆಂದರೆ ಅಲ್ಲಿ ಛಾವಣಿ ಎತ್ತರ, ಸುತ್ತಲೂ ಜಾಗ ಧಾರಾಳ. ಅದೇ ಮಂಚ ಮನೆಗೆ ಬಂದಾಗ ವಾರ್ಡ್‌ರೋಬ್ ಬಾಗಿಲು ಅರ್ಧಕ್ಕೇ ತಾಗಿ ನಿಲ್ಲುತ್ತದೆ, ರಾತ್ರಿ ಒಬ್ಬರು ಏಳಬೇಕಾದರೆ ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕಾಗುತ್ತದೆ. ಆದ್ದರಿಂದ ಮೊದಲು ಓಡಾಡಲು ಎಷ್ಟು ಜಾಗ ಬೇಕು ಅಂತ ತೀರ್ಮಾನಿಸಿ. ಮಿಕ್ಕ ಜಾಗಕ್ಕೆ ಹೊಂದುವ ಸಾಮಾನು ಹುಡುಕಿ.

ಮೊದಲು ಅಳತೆ

ಕೋಣೆಯ ಉದ್ದ, ಅಗಲ ಎಲ್ಲರೂ ಅಳೆಯುತ್ತಾರೆ. ಮರೆತುಹೋಗುವುದು ಉಳಿದವು: ಬಾಗಿಲು ಎಷ್ಟು ಒಳಕ್ಕೆ ತೆರೆಯುತ್ತದೆ, ಕಿಟಕಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಪ್ಲಗ್ ಪಾಯಿಂಟ್ ಎಲ್ಲೆಲ್ಲಿವೆ, ಎಸಿ ಇದ್ದರೆ ಅದರ ಗಾಳಿ ನೇರ ತಲೆಗೇ ಬಡಿಯುತ್ತದಾ, ಗೋಡೆಯಿಂದ ಪಿಲ್ಲರ್ ಏನಾದರೂ ಮುಂದೆ ಬಂದಿದೆಯಾ. ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ಆಮೇಲೆ ಮಂಚದ ಅಳತೆಗೆ ಸರಿಯಾಗಿ ನೆಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಪ್ ಇಲ್ಲದಿದ್ದರೆ ಹಳೆಯ ಪೇಪರ್ ಹಾಸಿದರೂ ಆಯಿತು. ಒಂದೆರಡು ದಿನ ಅದರ ಸುತ್ತ ಓಡಾಡಿ ನೋಡಿ. ಕಾಗದದ ಮೇಲೆ ಸರಿ ಅನಿಸಿದ್ದು ಕಾಲಿಗೆ ಸರಿ ಅನಿಸದೇ ಇರಬಹುದು.

ಕಿಂಗ್ ಬೇಕಾ, ಕ್ವೀನ್ ಸಾಕಾ?

ಕ್ವೀನ್ ಹಾಸಿಗೆಯ ಅಗಲ ಸಾಮಾನ್ಯವಾಗಿ 60 ಇಂಚು. ಕಿಂಗ್ ಅಂದರೆ ಕೆಲವು ಕಡೆ 72, ಕೆಲವು ಕಡೆ 76. ಹೆಸರು ನಂಬಬೇಡಿ, ಅಳತೆ ಕೇಳಿ. ಇದು ಬರೀ ಹಾಸಿಗೆಯ ಅಳತೆ, ಮಂಚದ ಚೌಕಟ್ಟು ಸೇರಿದರೆ ಪ್ರತಿ ಪಕ್ಕಕ್ಕೂ ಕೆಲವು ಇಂಚು ಜಾಸ್ತಿ ಆಗುತ್ತದೆ.

10 ಅಡಿ ಅಗಲ, 12 ಅಡಿ ಉದ್ದದ ಕೋಣೆ ಅಂದುಕೊಳ್ಳಿ. ಅಗಲ 120 ಇಂಚು. 72 ಇಂಚಿನ ಕಿಂಗ್ ಹಾಸಿಗೆ, ಚೌಕಟ್ಟು ಸೇರಿ 76. ಮಂಚ ನಡುವೆ ಇಟ್ಟರೆ ಎರಡೂ ಪಕ್ಕ 22 ಇಂಚಿನಂತೆ ಉಳಿಯುತ್ತದೆ. ಹಾದುಹೋಗಬಹುದು, ಆದರೆ ಬಗ್ಗಿ ಬೆಡ್‌ಶೀಟ್ ಸಿಕ್ಕಿಸುವಾಗ ಬೆನ್ನು ಗೋಡೆಗೆ ತಾಗುತ್ತದೆ. ಕ್ವೀನ್ ಆದರೆ ಪ್ರತಿ ಪಕ್ಕ 28 ಇಂಚು ಸಿಗುತ್ತದೆ. ಆರು ಇಂಚಿನ ವ್ಯತ್ಯಾಸ ಹೇಳಲು ಸಣ್ಣದು, ದಿನಾ ಓಡಾಡುವವರಿಗೆ ದೊಡ್ಡದು. ಈಗ ಉದ್ದ ನೋಡಿ: ಒಟ್ಟು 144 ಇಂಚು, ಅದರಲ್ಲಿ ಮಂಚಕ್ಕೆ ಸುಮಾರು 82, ಎದುರು ಗೋಡೆಗೆ ವಾರ್ಡ್‌ರೋಬ್ ಬಂದರೆ ಅದಕ್ಕೆ 24, ಉಳಿದದ್ದು 38. ವಾರ್ಡ್‌ರೋಬ್‌ನ ಡ್ರಾಯರ್ 18 ಇಂಚು ಹೊರಗೆ ಬಂದರೆ ನಿಲ್ಲಲು 20 ಇಂಚು ಮಾತ್ರ. ಇಂಥ ಕೋಣೆಗೆ ಏಳೆಂಟು ಇಂಚು ದಪ್ಪದ ಮೆತ್ತನೆಯ ಹೆಡ್‌ಬೋರ್ಡ್ (ತಲೆಯ ಕಡೆಯ ಹಲಗೆ) ಆರಿಸಿದರೆ ಆ ಜಾಗವೂ ಹೋಯಿತು. ನನ್ನನ್ನು ಕೇಳಿದರೆ, ಮಂಚದ ಎರಡೂ ಪಕ್ಕ ಕನಿಷ್ಠ ಎರಡು ಅಡಿ ಉಳಿಯದಿದ್ದರೆ ಕಿಂಗ್ ಆಸೆ ಬಿಡುವುದೇ ಒಳ್ಳೆಯದು. ರಾತ್ರಿ ಮಗು ಜೊತೆಗೇ ಮಲಗುತ್ತದೆ ಅಂತಾದರೆ ಮಾತ್ರ ಲೆಕ್ಕ ಬೇರೆ, ಆಗ ಡ್ರೆಸ್ಸಿಂಗ್ ಟೇಬಲ್ ಬಿಟ್ಟು ಕಿಂಗ್ ತೆಗೆದುಕೊಳ್ಳಿ.

ಎತ್ತರವನ್ನು ಕೂತೇ ನೋಡಬೇಕು. ಅಂಚಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಕೈ ಊರದೆ ಏಳಲು ಆಗಬೇಕು. ತೀರಾ ತಗ್ಗಾದ ಮಂಚ ಫೋಟೋದಲ್ಲಿ ಚೆನ್ನಾಗಿರುತ್ತದೆ, ಮೊಣಕಾಲು ನೋವಿರುವವರಿಗೆ ಮಾತ್ರ ದಿನಾ ಶಿಕ್ಷೆ. ಮಂಚ 14 ಇಂಚು, ಹಾಸಿಗೆ 8 ಇಂಚು ಅಂದರೆ ನೀವು ಕೂರುವುದು 22 ಇಂಚಿನ ಮೇಲೆ ಅಲ್ವಾ? ಅದಕ್ಕೇ ಎರಡನ್ನೂ ಒಟ್ಟಿಗೆ ಆರಿಸಬೇಕು.

ಇನ್ನು ಗಟ್ಟಿತನ. ಹಾಸಿಗೆ ಎತ್ತಿಸಿ ಕೆಳಗೆ ನೋಡಿ, ಅಂಗಡಿಯವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಇಷ್ಟು ಅಗಲದ ಮಂಚಕ್ಕೆ ನಡುವೆ ಆಧಾರದ ಪಟ್ಟಿ, ಅದಕ್ಕೊಂದು ಕಾಲು ಇರಲೇಬೇಕು. ಫೋಮ್ ಹಾಸಿಗೆ ಹಾಕುವುದಾದರೆ ಮರದ ಪಟ್ಟಿಗಳ ನಡುವಿನ ಸಂದು ಸುಮಾರು ಮೂರು ಇಂಚಿಗಿಂತ ಜಾಸ್ತಿ ಇರಬಾರದು, ಇದ್ದರೆ ಹಾಸಿಗೆ ಆ ಸಂದುಗಳಲ್ಲಿ ಕುಸಿಯುತ್ತಾ ಬರುತ್ತದೆ. ಹೆಡ್‌ಬೋರ್ಡ್ ಹಿಡಿದು ಅಲುಗಾಡಿಸಿ. ಹೊಸದರಲ್ಲೇ ಕಿರ್ ಅನ್ನುವ ಮಂಚ ಬೇಡ.

ಸ್ಟೋರೇಜ್ ಇರುವ ಮಂಚ ಬೇಕಿದ್ದರೆ ಪಕ್ಕದ ಡ್ರಾಯರ್‌ಗಳನ್ನು ಎಳೆಯಲು ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ಮೇಲಕ್ಕೆ ಎತ್ತುವ ಹೈಡ್ರಾಲಿಕ್ ಮಂಚ ವಾಸಿ. ಆದರೆ ಅದರ ಪಂಪು ಹಾಸಿಗೆಯ ತೂಕಕ್ಕೆ ಹೊಂದಬೇಕು. ಹಾಸಿಗೆ ತೀರಾ ಭಾರವಾದರೆ ಎತ್ತಲು ಆಗುವುದಿಲ್ಲ, ತೀರಾ ಹಗುರವಾದರೆ ಮುಚ್ಚಲು ಒದ್ದಾಡಬೇಕು. ನಿಮ್ಮ ಹಾಸಿಗೆಯ ತೂಕ ಹೇಳಿಯೇ ಕೊಳ್ಳಿ.

ವಾರ್ಡ್‌ರೋಬ್

ಹ್ಯಾಂಗರ್‌ನ ಅಗಲ ಸುಮಾರು 17 ಇಂಚು, ಬಟ್ಟೆಯ ತೋಳು ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೇ ವಾರ್ಡ್‌ರೋಬ್ ಆಳ 24 ಇಂಚು ಇಡುವುದು. ಜಾಗ ಉಳಿಸಲು 18 ಇಂಚು ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಬಾಗಿಲಿಗೆ ಬಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಜಾಗ ಕಡಿಮೆ ಇದ್ದರೆ ಸ್ಲೈಡಿಂಗ್ ಬಾಗಿಲು ಸರಿ. ಆದರೆ ಅದರ ಹಳಿಗೆ ಮೂರು ನಾಲ್ಕು ಇಂಚು ಹೆಚ್ಚು ಆಳ ಬೇಕು, ಎರಡು ಬಾಗಿಲಿನದಾದರೆ ಒಂದು ಸಲಕ್ಕೆ ಅರ್ಧ ಮಾತ್ರ ತೆರೆಯುತ್ತದೆ.

ಒಳಗಿನ ವಿಂಗಡಣೆಯನ್ನು ಅಂಗಡಿಯವರ ಪಾಡಿಗೆ ಬಿಡಬೇಡಿ. ಮನೆಯಲ್ಲಿ ತೂಗುಹಾಕುವ ಬಟ್ಟೆ ಎಷ್ಟು, ಮಡಚಿಡುವುದು ಎಷ್ಟು ಅಂತ ಎಣಿಸಿಕೊಂಡು ಹೋಗಿ.

ಎತ್ತರದ ವಾರ್ಡ್‌ರೋಬನ್ನು ಗೋಡೆಗೆ ಕ್ಲಾಂಪ್ ಹಾಕಿ ಬಿಗಿಯಲೇಬೇಕು. ಮಕ್ಕಳು ಡ್ರಾಯರ್ ಎಳೆದು ಅದರ ಮೇಲೆ ಹತ್ತಿದರೆ ಇಡೀ ವಾರ್ಡ್‌ರೋಬ್ ಮುಂದಕ್ಕೆ ಬೀಳಬಹುದು. ಇದರಲ್ಲಿ ಉದಾಸೀನ ಬೇಡವೇ ಬೇಡ.

ಮರ ಯಾವುದು?

ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಗ್ಗ. ಆದರೆ ಒಮ್ಮೆ ಬಿಚ್ಚಿ ಜೋಡಿಸಿದ ಮೇಲೆ ಸ್ಕ್ರೂ ಮೊದಲಿನಷ್ಟು ಹಿಡಿಯುವುದಿಲ್ಲ, ಅಂಚಿನಿಂದ ನೀರು ಒಳಗೆ ಹೋದರೆ ಊದಿಕೊಳ್ಳುತ್ತದೆ. ಬಾಡಿಗೆ ಮನೆ ಬದಲಿಸುತ್ತಿರುವವರು ಪ್ಲೈವುಡ್ ಅಥವಾ ಗಟ್ಟಿಮರ ನೋಡುವುದು ಮೇಲು. 'ಗಟ್ಟಿಮರ' ಅಂತ ಬರೆದಿದ್ದರೂ ಡ್ರಾಯರ್‌ನ ತಳ, ಹಿಂಬದಿಯ ಹಲಗೆ ಮುಟ್ಟಿ ನೋಡಿ, ಎಷ್ಟೋ ಸಲ ಚೌಕಟ್ಟು ಮಾತ್ರ ಮರ ಆಗಿರುತ್ತದೆ. ಬಾಗಿಲು ತೆರೆದು ಮೂಸಿ ನೋಡಿ. ಬೋರ್ಡ್‌ನ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಕಣ್ಣು, ಮೂಗು ಉರಿಸುವ ಅನಿಲ ಹೊರಬರುತ್ತದೆ, ಇ1 ಅಥವಾ ಇ0 ಅಂತ ಗುರುತಿರುವ ಬೋರ್ಡ್‌ನಲ್ಲಿ ಅದು ಕಡಿಮೆ. ಕಣ್ಣು ಉರಿಯುವಷ್ಟು ವಾಸನೆ ಇದ್ದರೆ ಬೇರೆ ನೋಡಿ.

ಮಂಚದ ಪಕ್ಕದ ಟೇಬಲ್ ಹಾಸಿಗೆಯ ಮೇಲ್ಮಟ್ಟಕ್ಕೆ ಸಮ ಇದ್ದರೆ ಮಲಗಿದಲ್ಲಿಂದಲೇ ನೀರಿನ ಲೋಟ ಕೈಗೆ ಸಿಗುತ್ತದೆ. ಡ್ರೆಸ್ಸಿಂಗ್ ಟೇಬಲ್ ಹೆಚ್ಚಿನ ಕೋಣೆಗಳಿಗೆ ಬೇಡ, ವಾರ್ಡ್‌ರೋಬ್ ಬಾಗಿಲಿಗೆ ಉದ್ದ ಕನ್ನಡಿ ಹಾಕಿಸಿ. ಇಡೀ ಸೆಟ್ ಒಂದೇ ಸಲ ಕೊಳ್ಳಬೇಕು ಅಂತೇನೂ ಇಲ್ಲ. ಸೆಟ್ಟಲ್ಲಿದೆ ಅಂತ ಸುಮ್ನೆ ಬಂದು ಕೂರುವ ಸಾಮಾನು ಜಾಗ ತಿನ್ನುತ್ತದೆ ಅಷ್ಟೇ. ಮೊದಲು ಮಂಚ, ಹಾಸಿಗೆ, ವಾರ್ಡ್‌ರೋಬ್ ಬರಲಿ, ಒಂದಷ್ಟು ತಿಂಗಳು ಬಳಸಿ ಆಮೇಲೆ ಉಳಿದದ್ದು.

ದುಡ್ಡು ಕೊಡುವ ಮುಂಚೆ ಕೊನೆಯ ಸಲ ಅಳತೆ ಟೇಪು ಹಿಡಿಯಿರಿ: ಮನೆಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟ್. ಹೆಡ್‌ಬೋರ್ಡ್ ಬಿಚ್ಚಲು ಬರುತ್ತದಾ ಅಂತ ಕೇಳಿ. ಜೋಡಿಸಲು ಬಂದವರು ಹೊರಡುವ ಮುನ್ನ ಪ್ರತಿ ಡ್ರಾಯರ್, ಪ್ರತಿ ಬಾಗಿಲು ನೀವೇ ತೆರೆದು ಮುಚ್ಚಿ ನೋಡಿ. ಅವರು ಬೋಲ್ಟ್ ಬಿಗಿಯಲು ಬಳಸಿದ ಆಲೆನ್ ಕೀ (ಆರು ಮೂಲೆಯ ಬಾಗಿದ ಕಡ್ಡಿ) ಇಸಿದುಕೊಂಡು ಇಟ್ಟುಕೊಳ್ಳಿ, ಒಂದು ತಿಂಗಳ ಬಳಕೆಯ ನಂತರ ಮಂಚದ ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕಾಗುತ್ತದೆ.