ಟೆಕ್ನಿಕಲ್ ರೈಟರ್ ಆಗಬೇಕೆ? ಮೊದಲು ಮಾದರಿ, ಆಮೇಲೆ ಅರ್ಜಿ

ಯಂತ್ರದ ಕೈಪಿಡಿ, ಸಾಫ್ಟ್‌ವೇರ್‌ನ ಸಹಾಯ ಪುಟ, ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ವಿವರಣೆ, ರಿಲೀಸ್ ನೋಟ್ಸ್ (ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂಬ ಟಿಪ್ಪಣಿ): ಇವನ್ನೆಲ್ಲ ಬರೆಯುವವರೇ ಟೆಕ್ನಿಕಲ್ ರೈಟರ್‌ಗಳು. ಎಂಜಿನಿಯರಿಂಗ್ ಓದಿದವರಿಗೂ ಇಂಗ್ಲಿಷ್ ಎಂ.ಎ. ಮಾಡಿದವರಿಗೂ ಇಲ್ಲಿ ಜಾಗವಿದೆ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಸಾಫ್ಟ್‌ವೇರ್ ಕಂಪನಿಗಳೂ ಕಾರ್ಖಾನೆಗಳೂ ಇದ್ದರೂ ಹುದ್ದೆಗಳು ಹೆಚ್ಚು ಸಿಗುವುದು ಬೆಂಗಳೂರಿನಲ್ಲೇ. ಹಾಗಾಗಿ ಮನೆಯಿಂದ ಮಾಡುವ ಕೆಲಸಗಳನ್ನೂ ಸೇರಿಸಿ ಹುಡುಕಿ. ‘ಟೆಕ್ನಿಕಲ್ ರೈಟರ್’ ಎಂದಷ್ಟೇ ಹುಡುಕಿದರೆ ಅರ್ಧ ಜಾಹೀರಾತು ಕಣ್ತಪ್ಪುತ್ತದೆ. ‘ಡಾಕ್ಯುಮೆಂಟೇಶನ್ ಎಂಜಿನಿಯರ್’, ‘ಇನ್‌ಫರ್ಮೇಶನ್ ಡೆವಲಪರ್’, ‘ಟೆಕ್ನಿಕಲ್ ಪಬ್ಲಿಕೇಶನ್ಸ್’ ಎಂದೂ ಹುಡುಕಿ.

ಹಂತ 1: ಮಾದರಿ ಬರಹ. ಪ್ರಮಾಣಪತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಎರಡು ಮೂರು ಪುಟದ ಮೂರು ಮಾದರಿಗಳು ಸಾಕು. ವಿಷಯ ದೊಡ್ಡದಾಗಬೇಕಿಲ್ಲ. ಮಂಡ್ಯದ ಗದ್ದೆ ಬದಿಯ ಪಂಪ್‌ಸೆಟ್ ಸ್ಟಾರ್ಟರ್ ಒಳ್ಳೆಯ ವಿಷಯ: ‘ಮೋಟಾರ್ ಟ್ರಿಪ್ ಆದರೆ ಏನು ಮಾಡಬೇಕು?’ ಹೊಸಬರು ಇಲ್ಲಿ ಓವರ್‌ಲೋಡ್ ರಿಲೇ (ಹೆಚ್ಚು ಕರೆಂಟ್ ಹರಿದರೆ ಮೋಟಾರ್ ನಿಲ್ಲಿಸುವ ಭಾಗ) ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಪುಟ ಬರೆದುಬಿಡುತ್ತಾರೆ. ಓದುವವರಿಗೆ ಬೇಕಿರುವುದು ಮುಂದಿನ ಕೆಲಸ. ರಿಲೇ ತಣ್ಣಗಾಗಲು ಬಿಡಿ, ಮೂರೂ ಫೇಸ್ ಬರುತ್ತಿವೆಯೇ ನೋಡಿ, ಆಮೇಲೆ ರೀಸೆಟ್ ಒತ್ತಿ, ಮತ್ತೆ ಟ್ರಿಪ್ ಆದರೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಒಂದು ಹಂತಕ್ಕೆ ಒಂದೇ ಕೆಲಸ. ‘ಮೈನ್ ಸ್ವಿಚ್ ಆಫ್ ಮಾಡದೆ ಪೆಟ್ಟಿಗೆ ತೆರೆಯಬೇಡಿ’ ಎಂಬ ಎಚ್ಚರಿಕೆ ಪೆಟ್ಟಿಗೆ ತೆರೆಯುವ ಹಂತಕ್ಕೆ ಮೊದಲೇ ಬರಬೇಕು. ಕೊನೆಯಲ್ಲಿ ಬರೆದರೆ ಅದನ್ನು ಓದುವಷ್ಟರಲ್ಲಿ ಕೈ ಒಳಗೆ ಹೋಗಿರುತ್ತದೆ. ಬರೆದಾದ ಮೇಲೆ ವಿಷಯ ಗೊತ್ತಿಲ್ಲದವರ ಕೈಗೆ ಕೊಟ್ಟು, ಪ್ರತಿ ಹಂತದಲ್ಲಿ ಏನು ಮಾಡುತ್ತೀರಿ ಎಂದು ಬಾಯಲ್ಲಿ ಹೇಳಿಸಿ. ಅವರು ತಡವರಿಸಿದ ಸಾಲನ್ನೇ ತಿದ್ದಬೇಕು.

ಮಾದರಿ ಇಂಗ್ಲಿಷ್‌ನಲ್ಲಿರಲಿ. ಕನ್ನಡ ಮಾಧ್ಯಮದವರು ಹಿಂಜರಿಯಬೇಕಿಲ್ಲ, ಇಲ್ಲಿ ಅಲಂಕಾರದ ಇಂಗ್ಲಿಷ್ ದೋಷವೇ. ವಿಮಾನ ಉದ್ಯಮದಿಂದ ಬಂದ ‘ಸಿಂಪ್ಲಿಫೈಡ್ ಟೆಕ್ನಿಕಲ್ ಇಂಗ್ಲಿಷ್’ ನಿಯಮದಲ್ಲಿ ಸೂಚನೆಯ ವಾಕ್ಯಕ್ಕೆ ಗರಿಷ್ಠ 20 ಪದ, ವಿವರಣೆಯ ವಾಕ್ಯಕ್ಕೆ 25. ಗೂಗಲ್‌ನ ಟೆಕ್ನಿಕಲ್ ರೈಟಿಂಗ್ ಪಾಠಗಳು ಮತ್ತು ಮೈಕ್ರೋಸಾಫ್ಟ್‌ನ ಶೈಲಿ ಕೈಪಿಡಿ ಉಚಿತವಾಗಿ ಸಿಗುತ್ತವೆ.

ಹಂತ 2: ಸಾಧನಗಳು. ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಪುಟದ ರೂಪ ಹೊಂದಿಸುವ ವಿಧಾನ) ಮತ್ತು ಗಿಟ್ (ಕಡತದ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಸಾಧನ) ಮೊದಲು ಕಲಿಯಿರಿ, ಎರಡಕ್ಕೂ ಹಣ ಬೇಡ. ದೊಡ್ಡ ಕಂಪನಿಗಳು ಕೇಳುವ ಡಿಟಾದಲ್ಲಿ (DITA, ಕೈಪಿಡಿಯನ್ನು ಚಿಕ್ಕ ಚಿಕ್ಕ ವಿಷಯಗಳಾಗಿ ಬರೆಯುವ ಪದ್ಧತಿ) ಕಾನ್ಸೆಪ್ಟ್ (ಏನು ಎಂಬ ವಿವರಣೆ), ಟಾಸ್ಕ್ (ಮಾಡುವ ಹಂತಗಳು), ರೆಫರೆನ್ಸ್ (ಬೇಕಾದಾಗ ನೋಡುವ ಮಾಹಿತಿ) ಎಂಬ ಮೂರು ಮುಖ್ಯ ಬಗೆಗಳ ವ್ಯತ್ಯಾಸ ತಿಳಿದರೆ ಸಂದರ್ಶನಕ್ಕೆ ಸಾಕು.

ಹಂತ 3: ಪರೀಕ್ಷೆ. ಕೆಟ್ಟದಾಗಿ ಬರೆದ ಒಂದು ಪುಟ ಕೊಟ್ಟು ತಿದ್ದಲು ಹೇಳುವುದುಂಟು. ವ್ಯಾಕರಣಕ್ಕೆ ಕೈ ಹಾಕುವ ಮೊದಲು ಹಂತಗಳ ಕ್ರಮ ಸರಿಪಡಿಸಿ. ಬಿಟ್ಟುಹೋದ ಮಾಹಿತಿಯನ್ನು ಊಹಿಸಿ ತುಂಬದೆ, ಪಕ್ಕದಲ್ಲಿ ಪ್ರಶ್ನೆಯಾಗಿ ಬರೆಯಿರಿ.

ಕೆಲಸ ಸಿಕ್ಕ ಮೇಲೆ ಉಳಿಸಿಕೊಳ್ಳುವುದೇ ಹೆಚ್ಚು ಕಷ್ಟ. ‘ಇದು ಹೇಗೆ ಕೆಲಸ ಮಾಡುತ್ತೆ ಹೇಳಿ ಸಾರ್’ ಎಂದು ಬರಿಗೈಯಲ್ಲಿ ಎಂಜಿನಿಯರ್ ಬಳಿ ಹೋದವರಿಗೆ ಎರಡನೇ ಸಲ ಸಮಯ ಸಿಗುವುದಿಲ್ಲ. ಟಿಕೆಟ್ (ಆ ಕೆಲಸದ ವಿವರವಿರುವ ದಾಖಲೆ) ಓದಿ, ಟೆಸ್ಟ್ ಬಿಲ್ಡ್‌ನಲ್ಲಿ (ಪರೀಕ್ಷೆಗೆಂದು ಕೊಡುವ ಆವೃತ್ತಿಯಲ್ಲಿ) ನೀವೇ ಬಳಸಿ ನೋಡಿ, ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನು ಒಯ್ಯಿರಿ. ಪರಿಶೀಲನೆಗೆ 40 ಪುಟ ಒಟ್ಟಿಗೆ ಕಳಿಸಿದರೆ ಯಾರೂ ಓದರು. ಬದಲಾದ ಪುಟಗಳನ್ನಷ್ಟೇ, ಅನುಮಾನವಿರುವ ಸಾಲು ಗುರುತಿಸಿ, ಉತ್ತರ ಬೇಕಾದ ದಿನಾಂಕದೊಂದಿಗೆ ಕಳಿಸಿ. ಸ್ಕ್ರೀನ್‌ಶಾಟ್ ಕಡಿಮೆಯಿರಲಿ, ಒಂದು ಬಟನ್ ಜಾಗ ಬದಲಾದರೂ ಎಲ್ಲವನ್ನೂ ಮತ್ತೆ ತೆಗೆಯಬೇಕಾಗುತ್ತದೆ.

ಎಐನಿಂದ ಕರಡು ಬರೆಸಿದರೆ ಪ್ರತಿ ಹಂತವನ್ನೂ ನೀವೇ ಮಾಡಿ ನೋಡಿ, ಇಲ್ಲದ ಮೆನುವಿನ ಹೆಸರನ್ನೂ ಅದು ಧೈರ್ಯವಾಗಿ ಬರೆಯುತ್ತದೆ. ಕಂಪನಿಯ ಗುಟ್ಟಿನ ಮಾಹಿತಿಯನ್ನು ಹೊರಗಿನ ಎಐಗೆ ಹಾಕುವ ಮುನ್ನ ಅನುಮತಿ ಕೇಳಿ. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಸಪೋರ್ಟ್ ತಂಡದ ಜೊತೆ ತಿಂಗಳಿಗೊಮ್ಮೆ ಕುಳಿತು, ಪದೇ ಪದೇ ಬರುವ ಐದು ಪ್ರಶ್ನೆಗಳನ್ನು ಕೇಳಿ ಪಡೆಯಿರಿ. ಅವುಗಳಿಗೆ ಪುಟ ಬರೆದ ಮೇಲೆ ದೂರು ಎಷ್ಟು ಇಳಿಯಿತೆಂದು ಬರೆದಿಟ್ಟುಕೊಳ್ಳಿ. ವರ್ಷದ ಕೊನೆಗೆ ಮ್ಯಾನೇಜರ್ ಮುಂದೆ ಇಡಬೇಕಾದ ಲೆಕ್ಕ ಅದೇ.