ಮಣ್ಣಿನ ಜೀವಾಣುಗಳಿಗೆ ಯಾವಾಗ ಊಟ ಹಾಕಬೇಕು?

ದೊಡ್ಡಬಳ್ಳಾಪುರದ ಹತ್ತಿರ ನಮ್ಮದು ಒಂದೂವರೆ ಎಕರೆ ಕೆಂಪು ಮಣ್ಣು. ಭಾನುವಾರ ಬೆಂಗಳೂರಿಂದ ಹೋಗಿ ಬರುತ್ತೇವೆ. ಮೊದಲ ವರ್ಷ ಮಾರ್ಚ್ ಬಿಸಿಲಲ್ಲಿ 200 ಲೀಟರ್ ಡ್ರಮ್ಮು ತುಂಬ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು ನೀರಲ್ಲಿ ಕಲಸಿ ಹುಳಿಸಿದ ದ್ರವ) ಕಲಸಿ ಒಣ ಹೊಲಕ್ಕೆ ಸುರಿದೆ. ಅಷ್ಟೂ ದಂಡವಾಯಿತು. ಪಸೆ ಇಲ್ಲದ ಮಣ್ಣಲ್ಲಿ ಜೀವಾಣುಗಳು ಸುಮ್ನೆ ಮಲಗಿರುತ್ತವೆ, ತಿನ್ನುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಬೇಸಿಗೆಯಲ್ಲಿ ಊಟ ಬೇಡ, ಹೊದಿಕೆ ಕೊಡಿ. ಹುಲ್ಲು, ತರಗೆಲೆ ಏನಾದರೂ ಸರಿ. ಕೂಳೆಗೆ ಬೆಂಕಿ ಮಾತ್ರ ಇಡಬೇಡಿ.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ವಾ, ಆ ಹೊತ್ತಲ್ಲಿ ಮಣ್ಣೊಳಗೂ ದೊಡ್ಡ ಗದ್ದಲ ನಡೆಯುತ್ತದೆ. ಒಣಗಿ ಸತ್ತ ಜೀವಾಣುಗಳನ್ನು ಉಳಿದವು ತಿಂದು ಬೇಗ ಬೇಗ ಹೆಚ್ಚುತ್ತವೆ, ಕೆಲವು ದಿನ ಮಣ್ಣಲ್ಲಿ ಸಾರಜನಕ ಜಾಸ್ತಿ ಸಿಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಬರ್ಚ್ ಎಂಬ ವಿಜ್ಞಾನಿ 1958ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಹೊಲದಲ್ಲಿ ಅದನ್ನು ಹೀರುವ ಗಿಡದ ಬೇರು ಇಲ್ಲದಿದ್ದರೆ ಆ ಸಾರಜನಕ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಅದಕ್ಕೇ ಮೇ ತಿಂಗಳ ಹದಕ್ಕೆ ಹಸಿರೆಲೆ ಗೊಬ್ಬರದ ಗಿಡವಾದ ಅಪ್ಸೆಣಬಿನ ಬೀಜ ಚೆಲ್ಲಿ. ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ ಉತ್ತುಬಿಡಿ. ಎರಡು ವಾರ ಕೊಳೆಯಲು ಬಿಟ್ಟು ಜುಲೈನಲ್ಲಿ ರಾಗಿ ಬಿತ್ತಿ, ಅಕ್ಕಡಿ ಸಾಲಲ್ಲಿ ಅವರೆ ಹಾಕಿ. ಗೊಬ್ಬರ, ಜೀವಾಮೃತ ಎಲ್ಲಕ್ಕೂ ಒಳ್ಳೆಯ ಕಾಲ ಇದೇ. ಆದರೆ ನೀರು ನಿಲ್ಲದಂತೆ ನೋಡಿಕೊಳ್ಳಿ, ಉಸಿರುಕಟ್ಟಿದ ಮಣ್ಣಲ್ಲಿ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

ಅವರೆ ಹೂ ಬಿಡುವ ಮುಂಚೆ ಒಂದು ಗಿಡವನ್ನು ಮಣ್ಣು ಸಮೇತ ಗುದ್ದಲಿಯಲ್ಲಿ ಎಬ್ಬಿಸಿ, ಬಕೆಟ್ ನೀರಲ್ಲಿ ಮೆಲ್ಲಗೆ ಅಲ್ಲಾಡಿಸಿ. ಬೇರಿನ ಗಂಟನ್ನು ಉಗುರಲ್ಲಿ ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪು ಇದ್ದರೆ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ರೈಜೋಬಿಯಂ ಎಂಬ ಜೀವಾಣು ಕೆಲಸ ಮಾಡುತ್ತಿದೆ ಅಂತ ಅರ್ಥ, ಹಸಿರೋ ಬಿಳಿಯೋ ಇದ್ದರೆ ಇಲ್ಲ. ಮೊದಲ ಸಲ ಆ ಕೆಂಪು ಕಂಡಾಗ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ರಾಗಿ ಕೊಯ್ದ ಮೇಲೆ ಪಸೆ ಆರುತ್ತದೆ, ಚಳಿಗೆ ಜೀವಾಣುಗಳ ಕೆಲಸವೂ ನಿಧಾನ. ಆಗ ಅವರೆಯನ್ನು ಕೀಳುವ ಅವಸರ ಬೇಡ. ಜೀವಂತ ಬೇರು ಇರುವಷ್ಟು ದಿನ ಅದರ ಸುತ್ತ ಜೀವಾಣುಗಳಿಗೆ ಊಟ ಸಿಗುತ್ತಲೇ ಇರುತ್ತದೆ.

ನಂಬಿಕೆ ಬರದಿದ್ದರೆ ಹಳೇ ಹತ್ತಿ ಪಂಚೆಯಲ್ಲಿ ಗೇಣುದ್ದದ ಎರಡು ತುಂಡು ಹರಿದುಕೊಳ್ಳಿ, ಪಾಲಿಯೆಸ್ಟರ್ ಬೆರೆತಿರಬಾರದು, ಜೀವಾಣುಗಳು ತಿನ್ನುವುದು ಹತ್ತಿಯನ್ನು. ಒಂದನ್ನು ಜುಲೈನಲ್ಲಿ ಅರ್ಧ ಗೇಣು ಆಳಕ್ಕೆ ಹೂತು ಗೂಟ ನೆಡಿ, ಎರಡು ತಿಂಗಳಿಗೆ ತೆಗೆಯಿರಿ. ಇನ್ನೊಂದನ್ನು ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಹೂಳಿ. ನಮ್ಮ ಹೊಲದಲ್ಲಿ ಮಳೆಗಾಲದ್ದು ಅಂಚಿನ ಹೊಲಿಗೆ ಬಿಟ್ಟು ಜಾಲರಿಯಂತಾಗಿತ್ತು, ಬೇಸಿಗೆಯದನ್ನು ಕೊಡವಿ ಮತ್ತೆ ಒರೆಸುಬಟ್ಟೆ ಮಾಡಿಕೊಂಡೆವು.