ಒಂದು ಸ್ಟಾಪ್ ಬೆಳಕು

ಫಿಲ್ಮ್ ಫೋಟೊಗ್ರಫಿಗೆ ಕೈ ಹಾಕಿದವರನ್ನು ಮೊದಲು ಹೆದರಿಸುವುದು ಅದರ ಮಾತುಗಳು. ಎಎಸ್‌ಎ, ಎಫ್ ನಂಬರ್, ಬಾಕ್ಸ್ ಸ್ಪೀಡ್, ಪುಶ್, ಪುಲ್, ಲ್ಯಾಟಿಟ್ಯೂಡ್. ಬಿಡಿಬಿಡಿಯಾಗಿ ಕೇಳಿದರೆ ಇವು ತಲೆಯಲ್ಲಿ ನಿಲ್ಲುವುದಿಲ್ಲ. ನನಗೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡದ್ದು ‘ಸ್ಟಾಪ್’ ಎಂಬ ಅಳತೆ ಕೈಗೆ ಸಿಕ್ಕ ಮೇಲೆ. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ. ಇಷ್ಟೇ. ಈಗ ಯಾರಾದರೂ ಹೊಸಬರು ಕೇಳಿದರೆ ಮೊದಲು ಇದನ್ನೇ ಹೇಳಿಕೊಡುತ್ತೇನೆ.

ನಾನು ಕಲಿತದ್ದು ಸೋದರಮಾವನ ಪೆಂಟಾಕ್ಸ್ ಕೆ1000ರಲ್ಲಿ. 1976ರಿಂದ ಎರಡು ದಶಕಗಳ ಕಾಲ ತಯಾರಾದ ಕ್ಯಾಮೆರಾ ಅದು. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಒಳಗಿನ ಮೀಟರಿಗೆ ಮಾತ್ರ, ಉಳಿದದ್ದೆಲ್ಲ ಸ್ಪ್ರಿಂಗು, ಹಲ್ಲುಚಕ್ರ. ಕಲಿಯುವವರಿಗೆ ಇಂಥ ಕ್ಯಾಮೆರಾವೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ, ಪ್ರತಿ ಚಿತ್ರಕ್ಕೂ ನಾವೇ ಯೋಚಿಸಬೇಕು.

ಶಟರ್ ಡಯಲ್ ಮೇಲೆ 60, 125, 250, 500 ಎಂದಿರುತ್ತದೆ. 125 ಎಂದರೆ ಸೆಕೆಂಡಿನ 125ನೇ ಒಂದು ಭಾಗ. ಒಂದು ಮನೆ ಮುಂದೆ ಹೋದರೆ ಬೆಳಕು ಬೀಳುವ ಹೊತ್ತು ಅರ್ಧ, ಅಂದರೆ ಒಂದು ಸ್ಟಾಪ್ ಕಡಿಮೆ. ಫಿಲ್ಮಿನ ವೇಗ, ಅಂದರೆ ಅದು ಬೆಳಕಿಗೆ ಎಷ್ಟು ಚುರುಕಾಗಿ ಸ್ಪಂದಿಸುತ್ತದೆ ಎಂಬ ಸಂಖ್ಯೆಯೂ (ಡಬ್ಬಿಯ ಮೇಲೆ ಅಚ್ಚಾದದ್ದೇ ಬಾಕ್ಸ್ ಸ್ಪೀಡ್) ಹಾಗೆಯೇ: 200ಕ್ಕಿಂತ 400 ಒಂದು ಸ್ಟಾಪ್ ಚುರುಕು. ಹಳೆಯ ಕ್ಯಾಮೆರಾಗಳಲ್ಲಿ ಎಎಸ್‌ಎ ಎಂದಿರುವುದೂ ಈಗಿನ ಐಎಸ್‌ಒ ಸಂಖ್ಯೆಯೂ ಒಂದೇ.

ತೊಡಕೆಲ್ಲ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬಿಡುವ ತೂತಿನ, ಸಂಖ್ಯೆಗಳಲ್ಲಿ: 2, 2.8, 4, 5.6, 8, 11, 16. ಇವು ಇಮ್ಮಡಿಸುವುದೂ ಇಲ್ಲ, ಜೊತೆಗೆ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ. ಕಾರಣ ಸರಳ. ಲೆನ್ಸಿನ ಫೋಕಲ್ ಲೆಂಗ್ತನ್ನು (ಸಂಗಮದೂರ) ತೂತಿನ ಅಗಲದಿಂದ ಭಾಗಿಸಿದರೆ ಬರುವುದೇ ಎಫ್ ನಂಬರ್. 50 ಎಂಎಂ ಲೆನ್ಸಿನಲ್ಲಿ ಎಫ್ 2 ಎಂದರೆ 25 ಎಂಎಂ ಅಗಲದ ತೂತು, ಎಫ್ 16 ಎಂದರೆ ಸುಮಾರು 3 ಎಂಎಂ. ಬೆಳಕಿನ ಲೆಕ್ಕ ನಿಂತಿರುವುದು ತೂತಿನ ವಿಸ್ತೀರ್ಣದ ಮೇಲೆ. ವಿಸ್ತೀರ್ಣ ಅರ್ಧವಾಗಲು ಅಗಲವನ್ನು ಎರಡರ ವರ್ಗಮೂಲದಿಂದ, ಅಂದರೆ ಸುಮಾರು 1.4ರಿಂದ, ಭಾಗಿಸಿದರೆ ಸಾಕು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ಮೇಲೆ ಆ ಸಂಖ್ಯೆಗಳನ್ನು ನಾನು ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.

ಬೆಳಕು ಓದಲು ಕಲಿಸಿದವರು ನಮ್ಮೂರಿನ ಸ್ಟುಡಿಯೊದ ಹಿರಿಯರೊಬ್ಬರು. “ಮೀಟರ್ ಆಮೇಲೆ ನೋಡೋಣ ತಮ್ಮಾ, ಮೊದಲು ನೆಲದ ಮೇಲಿನ ನೆರಳು ನೋಡು” ಎಂದರು. ಸನ್ನಿ 16 ಎನ್ನುವ ಹಳೆಯ ಸೂತ್ರವೇ ಅದು. ನಿಚ್ಚಳ ಬಿಸಿಲಿನಲ್ಲಿ ಎಫ್ 16 ಇಟ್ಟು, ಶಟರನ್ನು ಫಿಲ್ಮಿನ ವೇಗಕ್ಕೆ ಹತ್ತಿರದ ಸಂಖ್ಯೆಗೆ ತಿರುಗಿಸಬೇಕು. 400ರ ಫಿಲ್ಮಿಗೆ 500. ನೆರಳಿನ ಅಂಚು ಮಸುಕಾದರೆ ಎಫ್ 11, ನೆರಳು ಕಂಡೂ ಕಾಣದಂತಿದ್ದರೆ 8, ನೆರಳೇ ಬೀಳದ ಮೋಡಕ್ಕೆ 5.6, ಬಯಲಿನ ಮರದ ನೆರಳಿನಲ್ಲಿ ನಿಂತವರಿಗೆ 4. ನಮ್ಮ ಮಲೆನಾಡಿನ ಅಡಿಕೆ ತೋಟದೊಳಗೆ ಇದಕ್ಕಿಂತಲೂ ಒಂದೆರಡು ಸ್ಟಾಪ್ ಬೇಕಾಗುತ್ತದೆ. ಮೇಲೆ ಸುಡುಬಿಸಿಲಿದ್ದರೂ ಸೋಗೆ ದಾಟಿ ಕೆಳಗಿಳಿಯುವ ಬೆಳಕು ಅಷ್ಟು ಕಡಿಮೆ. ಕ್ಯಾಮೆರಾ ಇಲ್ಲದೆಯೂ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ನಿಂತು ‘ಇಲ್ಲಿ ಎಷ್ಟು?’ ಎಂದು ಅಂದಾಜು ಮಾಡುವುದು ಆಗಿನಿಂದ ರೂಢಿಯಾಯಿತು. ಕಲಿಕೆಯಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ.

ಮೀಟರನ್ನು ನಂಬುವುದಕ್ಕೂ ಒಂದು ಕ್ರಮವಿದೆ. ಅದು ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣವೆಂದೇ ತಿಳಿಯುತ್ತದೆ. ಬಿಳಿ ಪಂಚೆ, ಬಿಳಿ ಅಂಗಿಯ ಅಜ್ಜ ಫ್ರೇಮ್ ತುಂಬ ನಿಂತಿದ್ದರೆ ಮೀಟರ್ ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಹೆಚ್ಚು ಕೊಡುತ್ತೇನೆ, ಇಲ್ಲವಾದರೆ ಪಂಚೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೇಲೂರಿನ ಕಪ್ಪು ಶಿಲೆಯ ಮದನಿಕೆಯರಿಗೆ ತದ್ವಿರುದ್ಧ, ಒಂದು ಸ್ಟಾಪ್ ಕಡಿಮೆ. ಅನುಮಾನವಿದ್ದಾಗ ಮಾತ್ರ ನೆಗೆಟಿವ್ ಫಿಲ್ಮಿಗೆ ಬೆಳಕು ತುಸು ಹೆಚ್ಚೇ ಇರಲಿ. ಎರಡು ಸ್ಟಾಪ್ ಹೆಚ್ಚಾದರೂ ಅದು ತಡೆದುಕೊಳ್ಳುತ್ತದೆ, ಲ್ಯಾಟಿಟ್ಯೂಡ್ ಎನ್ನುವುದು ಈ ಸಹನೆಯನ್ನೇ. ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮಿಗೆ ಅಷ್ಟು ಸಹನೆಯಿಲ್ಲ.

ಫಿಲ್ಮ್ ಹಾಕುವಾಗ ನೋಡಬೇಕಾದ್ದು ಒಂದೇ: ಫಿಲ್ಮನ್ನು ಮುಂದಕ್ಕೆ ಸರಿಸುವ ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿ ತಾನೂ ತಿರುಗಬೇಕು. ತಿರುಗಿದರೆ ಫಿಲ್ಮ್ ಓಡುತ್ತಿದೆ ಎಂದರ್ಥ.

ಕಪ್ಪು-ಬಿಳುಪು ರೋಲನ್ನು ಮನೆಯಲ್ಲೇ ತೊಳೆಯುತ್ತೇನೆ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಎಂಬ 400ರ ಫಿಲ್ಮಿಗೆ ಡಿ-76 ಡೆವಲಪರನ್ನು (ಚಿತ್ರ ಮೂಡಿಸುವ ದ್ರಾವಣ) ಸಮಪಾಲು ನೀರಿನೊಂದಿಗೆ ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ನಮ್ಮ ನಲ್ಲಿ ನೀರು ಬೇಸಿಗೆಯಲ್ಲಿ 20ಕ್ಕೆ ಇಳಿಯುವ ಮಾತೇ ಇಲ್ಲ, ಆದ್ದರಿಂದ ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿ ಥರ್ಮಾಮೀಟರ್ ನೋಡುತ್ತ ಕಾಯುತ್ತೇನೆ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್ (ಇದು ಬೆಳಕಿನ ಸ್ಟಾಪ್ ಅಲ್ಲ), ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ನೀರು. ಫಿಕ್ಸರ್ ಮುಗಿಯುವ ತನಕ ಟ್ಯಾಂಕಿನ ಮುಚ್ಚಳ ತೆಗೆಯಬಾರದು.

ಪುಶ್ ಮಾಡುವುದು ತಿಳಿದದ್ದು ಯಕ್ಷಗಾನದ ರಂಗಸ್ಥಳದಲ್ಲಿ. ರಾತ್ರಿಯ ಆ ದೀಪಗಳಿಗೆ 400 ಸಾಲದು, 50 ಎಂಎಂ ಲೆನ್ಸನ್ನು ಎಫ್ 2ಕ್ಕೆ ತೆರೆದರೂ ಕುಣಿತ ಕಲಸಿಹೋಗುತ್ತದೆ. ಹಾಗಾಗಿ ಎಎಸ್‌ಎ ಡಯಲನ್ನು 1600ಕ್ಕೆ ಇಟ್ಟು, ಎರಡು ಸ್ಟಾಪ್ ಕಡಿಮೆ ಬೆಳಕಿನಲ್ಲಿ ತೆಗೆದು, ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಡುತ್ತೇನೆ. ಇದೇ ಪುಶ್, ಇದರ ತದ್ವಿರುದ್ಧ ಪುಲ್. ಪುಶ್ ಮಾಡಿದರೆ ಫಿಲ್ಮ್ ನಿಜಕ್ಕೂ ಚುರುಕಾಗುವುದಿಲ್ಲ. ಬಣ್ಣ ಬಳಿದ ಮುಖ, ಕಿರೀಟದ ಮಿಂಚು ಎದ್ದು ಬರುತ್ತವೆ, ಬೆಳಕೇ ತಾಕದ ಹಿಂಬದಿ ಕಪ್ಪಾಗಿಯೇ ಉಳಿಯುತ್ತದೆ, ಗ್ರೇನ್, ಅಂದರೆ ಚಿತ್ರದ ಕಾಳುಕಾಳು, ದಪ್ಪವಾಗುತ್ತದೆ. ಬಣ್ಣದ ವೇಷಕ್ಕೆ ಆ ಗಡಸುತನ ಒಪ್ಪುತ್ತದೆ ಎಂದೇ ನನ್ನ ಅನಿಸಿಕೆ. ಇಡೀ ರೋಲ್ ಒಂದೇ ವೇಗದಲ್ಲಿರಬೇಕು, ನಡುವೆ ಬದಲಿಸುವಂತಿಲ್ಲ. ಲ್ಯಾಬಿಗೆ ಕೊಡುವುದಾದರೆ ಡಬ್ಬಿಯ ಮೇಲೆ ‘1600, ಎರಡು ಸ್ಟಾಪ್ ಪುಶ್’ ಎಂದು ದಪ್ಪ ಅಕ್ಷರದಲ್ಲಿ ಬರೆದು, ಬಾಯಲ್ಲೂ ಹೇಳಿ ಬನ್ನಿ.